ಪೇಟೆಂಟನ್ನು ಚೇಣಿಗೆ ಕೊಡಬಹುದೆ?

ಬಳಗದ ಹಿರಿಯರಿಗೆ ನಮಸ್ಕಾರ.

ಶಿವಮೊಗ್ಗದ ಬಳಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎರಕದ ಕಾರ್ಖಾನೆ ನಡೆಸುವ ಪರಿಚಿತರೊಬ್ಬರು, ಕೇಂದ್ರ ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ಪೇಟೆಂಟುಗಳನ್ನು ಬಳಕೆಗೆ ಪಡೆದು ಸಣ್ಣ ಉದ್ದಿಮೆಗಳು ಸರಕು ತಯಾರಿಸುವ ಬಗೆಯನ್ನೂ ಅದಕ್ಕೆ ಸರ್ಕಾರ ಕೊಡುವ ಹಣದ ವಿವರವನ್ನೂ ಕನ್ನಡದಲ್ಲಿ ಬರೆದುಕೊಡುವಂತೆ ಕೇಳಿದ್ದಾರೆ. ಬರೆಯುವಾಗ ಎದುರಾದ ಪದಗಳ ತೊಡಕನ್ನು ಇಲ್ಲಿ ಮುಂದಿಡುತ್ತಿದ್ದೇನೆ.

ಪೇಟೆಂಟಿಗೆ 'ಹಕ್ಕುಸ್ವಾಮ್ಯ' ಎಂದು ಬರೆಯುವವರಿದ್ದಾರೆ. ಆದರೆ ಆ ಪದ ಕಾಪಿರೈಟಿಗೆ ನೆಲೆಯೂರಿಬಿಟ್ಟಿದೆ. ಪೇಟೆಂಟು ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ ಬಾಳುವ ಹಕ್ಕು, ಕಾಪಿರೈಟು ಲೇಖಕರ ಮರಣಾನಂತರ 60 ವರ್ಷ ಉಳಿಯುವ ಹಕ್ಕು. ಹಾಗಾಗಿ ಪೇಟೆಂಟು ಎಂದೇ ಉಳಿಸಿಕೊಂಡೆ. ಕಮರ್ಷಿಯಲೈಸೇಶನ್ನಿಗೆ 'ವ್ಯಾಪಾರೀಕರಣ' ಎಂದರೆ ಶಿಕ್ಷಣದ ವ್ಯಾಪಾರೀಕರಣದ ದೂರು ನೆನಪಾಗುತ್ತದೆ, 'ವಾಣಿಜ್ಯೀಕರಣ' ಎಂದಾಗ ಪರಿಚಿತರು "ಅಂದ್ರೆ ಅಂಗಡಿ ಇಡಬೇಕಾ?" ಎಂದು ಕೇಳಿದರು. 'ಮಾರುಕಟ್ಟೆಗೆ ತರುವುದು' ಎಂದು ಬರೆದು ಮುಂದೆ ಹೋದೆ.

ನಿಜವಾದ ತೊಡಕಿರುವುದು ಪೇಟೆಂಟಿನ ಲೈಸೆನ್ಸಿನಲ್ಲಿ. 'ಪರವಾನಗಿ' ಎಂದರೆ ಕೋವಿಗೋ ಮದ್ಯದಂಗಡಿಗೋ ಸರ್ಕಾರ ಕೊಡುವ ಅನುಮತಿ. ಇಲ್ಲಿರುವುದು ಒಡೆಯನಿಗೂ ಬಳಸುವವನಿಗೂ ನಡುವಿನ ಕರಾರು. 2019ರಲ್ಲಿ ಡಿಆರ್‌ಡಿಒ ತನ್ನ ಸುಮಾರು 450 ಪೇಟೆಂಟುಗಳನ್ನು ದೇಶದ ಉದ್ದಿಮೆಗಳು ಉಚಿತವಾಗಿ ಬಳಸಬಹುದೆಂದು ಪ್ರಕಟಿಸಿದಾಗಲೂ ಬಿಟ್ಟುಕೊಟ್ಟದ್ದು ಬಳಕೆಯನ್ನೇ ಹೊರತು ಒಡೆತನವನ್ನಲ್ಲ. ಇದಕ್ಕೆ 'ಗೇಣಿ' ಹೊಂದೀತೆಂದು ಮೊದಲು ತೋರಿತು. ಆದರೆ ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ಕಂಡ ಸೀಮೆಯಲ್ಲಿ, 1974ರ ಭೂಸುಧಾರಣೆಯಿಂದ ಗೇಣಿದಾರನೇ ಒಡೆಯನಾದ ಮೇಲೆ, ಆ ಪದ ಓದಿದವರು ಪೇಟೆಂಟೂ ಒಂದು ದಿನ ತಮ್ಮದೇ ಆದೀತೆಂದು ಕಾದು ಕುಳಿತರೆ ತಪ್ಪು ಅವರದಲ್ಲ.

ಉಳಿದದ್ದು 'ಚೇಣಿ'. ತೋಟ ಯಜಮಾನರದಾಗಿಯೇ ಇರುತ್ತದೆ, ಒಂದು ವರ್ಷದ ಅಡಿಕೆ ಫಸಲನ್ನು ಚೇಣಿದಾರ ಕೊಯ್ದುಕೊಳ್ಳುತ್ತಾನೆ. ಅವಧಿ ಮುಗಿದರೆ ಸಂಬಂಧವೂ ಮುಗಿಯಿತು. ಇಷ್ಟರ ಮಟ್ಟಿಗೆ ಹೋಲಿಕೆ ಚೆನ್ನಾಗಿದೆ. ಆದರೆ ಒಂದೇ ತೋಟವನ್ನು ಒಂದೇ ವರ್ಷ ಇಬ್ಬರಿಗೆ ಚೇಣಿ ಕೊಡಲಾಗದು, ಒಂದೇ ತಂತ್ರಜ್ಞಾನವನ್ನಾದರೆ ಹಲವು ಉದ್ದಿಮೆಗಳಿಗೆ ಏಕಕಾಲಕ್ಕೆ ಕೊಡಬಹುದು. ಅಲ್ಲದೆ ಚೇಣಿದಾರನಿಗೆ ಮರದ ಮೇಲೆ ಗೊನೆ ಕಾಣುತ್ತದೆ, ಪೇಟೆಂಟು ಪಡೆದವನು ಫಸಲನ್ನು ತಾನೇ ಬೆಳೆಯಬೇಕು.

ಹಣದ ವಿಷಯದಲ್ಲಿ ಅಷ್ಟು ಗೊಂದಲವಿಲ್ಲ. ರಕ್ಷಣಾ ಸಚಿವಾಲಯವು ಹೊಸ ಆವಿಷ್ಕಾರಗಳಿಗಾಗಿ ನಡೆಸುವ ಐಡೆಕ್ಸ್ ಯೋಜನೆಯ ಸಾಮಾನ್ಯ ಸ್ಪರ್ಧೆಗಳಲ್ಲಿ 1.5 ಕೋಟಿ ರೂಪಾಯಿವರೆಗೆ ಸಿಗುವುದನ್ನೂ, ಡಿಆರ್‌ಡಿಒ ನಡೆಸುವ ತಂತ್ರಜ್ಞಾನ ಅಭಿವೃದ್ಧಿ ನಿಧಿಯಿಂದ 50 ಕೋಟಿ ಮಿತಿಯೊಳಗೆ ಯೋಜನಾ ವೆಚ್ಚದ ಶೇ. 90ರವರೆಗೆ ಸಿಗುವುದನ್ನೂ 'ಅನುದಾನ' ಎಂದೇ ಬರೆದಿದ್ದೇನೆ. 'ಸಹಾಯಧನ' ಎಂದರೆ ನಮ್ಮವರು ಸಾಲದ ಜೊತೆ ಬರುವ ಸಬ್ಸಿಡಿಯೆಂದೇ ತಿಳಿಯುತ್ತಾರೆ. ತಂತ್ರಜ್ಞಾನ ಅಭಿವೃದ್ಧಿ ನಿಧಿಯಿಂದ ಹೊಸದಾಗಿ ರೂಪುಗೊಂಡ ತಂತ್ರಜ್ಞಾನಕ್ಕೆ ಉದ್ದಿಮೆಯೂ ಡಿಆರ್‌ಡಿಒ ಕೂಡ ಜಂಟಿ ಒಡೆಯರಾದ್ದರಿಂದ ಅಲ್ಲಿ ಚೇಣಿಯ ಮಾತೇ ಬರುವುದಿಲ್ಲ.

ಸದ್ಯಕ್ಕೆ 'ಬಳಕೆಯ ಕರಾರು' ಎಂದು ಬರೆದು, ವಿವರಣೆಯಲ್ಲಿ ಮಾತ್ರ ಚೇಣಿಯ ಹೋಲಿಕೆ ಕೊಟ್ಟಿದ್ದೇನೆ. ಕರಾವಳಿಯಲ್ಲಿ ಕಾಯಂ ಗೇಣಿಗೆ ಮೂಲಗೇಣಿ, ಒಡೆಯ ಬಿಡಿಸಿಕೊಳ್ಳಬಹುದಾದ ಗೇಣಿಗೆ ಚಾಲಗೇಣಿ ಎಂಬ ಬೇರೆಬೇರೆ ಪದಗಳಿರುವಂತೆ, ಒಡೆತನ ಬಿಡದೆ ಹಲವರಿಗೆ ಒಟ್ಟಿಗೆ ಬಳಕೆ ಕೊಡುವುದನ್ನು ಸೂಚಿಸುವ ಪದ ನಿಮ್ಮ ಸೀಮೆಯಲ್ಲಿ ಉಂಟೆ? ಕೆರೆ ನೀರಿನ ಹಂಚಿಕೆಯಲ್ಲಿಯೋ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ಬಳಕೆಯಲ್ಲಿಯೋ ಇದ್ದೀತೆಂಬ ಗುಮಾನಿ ನನಗಿದೆ.