ಅಮ್ಮ ಈ ಸಲವೂ ಮೋಟರ್‌ಹೋಮ್‌ನಲ್ಲಿ ಬರಬೇಕಾ?

ನಾನು: (ಮನೆಯವರ ಗ್ರೂಪ್‌ಗೆ ಫೋಟೊ ಹಾಕಿ) ಇದು ಅರಿಜೋನಾದ ಕ್ವಾರ್ಟ್‌ಸೈಟ್. ಊರಿನಲ್ಲಿ ಎರಡೂವರೆ ಸಾವಿರ ಜನರೂ ಇಲ್ಲ. ಜನವರಿ ಬಂದರೆ ಸುತ್ತಲಿನ ಮರುಭೂಮಿ ಪೂರ್ತಿ ಮೋಟರ್‌ಹೋಮ್‌ಗಳು, ಅಂದರೆ ಒಳಗೇ ಮನೆಯ ಹಾಗೆ ಇರಬಹುದಾದ ಗಾಡಿಗಳು. ದೊಡ್ಡ ಟೆಂಟ್ ಹಾಕಿ ಇಂಥ ಗಾಡಿಗಳದ್ದೇ ಮೇಳ ಮಾಡುತ್ತಾರೆ, ಆರ್‌ವಿ ಮೇಳ ಅಂತ. ಈ ಸಲ ಹೋಗುತ್ತಿದ್ದೇವೆ. ಅಮ್ಮನೂ ಬರುತ್ತಾಳೆ.

ಅಕ್ಕ: ಅಮ್ಮನೂನಾ? ಹೋದ ವರ್ಷದ ಟ್ರಿಪ್ ಮರೆತುಹೋಯಿತಾ? ರಾತ್ರಿ ಮೂರು ಗಂಟೆಗೆ ಹೀಟರ್ ನಿಂತಿತ್ತು. ಎರಡು ಸ್ವೆಟರ್ ಮೇಲೆ ನಿನ್ನ ಜರ್ಕಿನ್ ಹಾಕಿಕೊಂಡು ಅಮ್ಮ ಕೂತಿದ್ದ ಫೋಟೊ ಇನ್ನೂ ನನ್ನ ಹತ್ತಿರ ಇದೆ.

ನಾನು: ಮರೆತಿಲ್ಲ ಅಕ್ಕ. ಹೀಟರ್ ಉರಿಯೋದು ಗ್ಯಾಸ್‌ನಲ್ಲಿ, ಅದು ಇತ್ತು. ಆದರೆ ಬಿಸಿ ಗಾಳಿ ಊದುವ ಫ್ಯಾನ್ ಓಡೋದು ಬ್ಯಾಟರಿಯಲ್ಲಿ. ಬಾಡಿಗೆಗೆ ಕೊಟ್ಟವರು ಹಳೇ ಬ್ಯಾಟರಿ ಹಾಕಿ ಕಳಿಸಿದ್ದರು. ನಾನೂ ನೋಡದೆ ಹೊರಟೆ.

ಚಿಕ್ಕಪ್ಪ: ಅಲ್ಲಪ್ಪಾ, ಕಾರಿನಲ್ಲಿ ಹೋಗಿ. ಹೋಟೆಲ್ ರೂಮ್ ಮಾಡಿ. ಮೇಳ ಒಂದು ದಿನ ನೋಡಿದರೆ ಸಾಕಲ್ವಾ?

ನಾನು: ಚಿಕ್ಕಪ್ಪ, ನೋಡೋದು ಜಾಸ್ತಿ ಇರೋದೇ ಟೆಂಟಿನ ಹೊರಗೆ. ಹಿಮ ಬೀಳುವ ರಾಜ್ಯಗಳಿಂದ, ಕೆನಡಾದಿಂದ ರಿಟೈರ್ ಆದವರು ಚಳಿಗಾಲ ಕಳೆಯಲು ಬಂದಿರುತ್ತಾರೆ. ಸಂಜೆ ಗಾಡಿ ಮುಂದೆ ಬೆಂಕಿ ಹಾಕಿ ಕೂರುತ್ತಾರೆ, ಪಕ್ಕದವರನ್ನೂ ಕರೆಯುತ್ತಾರೆ. ಅಮ್ಮನ ವಯಸ್ಸಿನವರೇ ಎಲ್ಲ. ಗಾಡಿ ನಿಲ್ಲಿಸಲು ಲಾ ಪೋಸಾ ಅಂತ ಸರ್ಕಾರದ ಜಾಗ ಇದೆ. 14 ದಿನಕ್ಕೆ 40 ಡಾಲರ್.

ಅಕ್ಕ: 40 ಡಾಲರ್ ಸರಿ. ನಿಲ್ಲಿಸಿದ ಕಡೆ ಕರೆಂಟ್ ಇಲ್ಲ, ನಲ್ಲಿ ಇಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಜನರೇಟರ್ ಹಾಕುವ ಹಾಗಿಲ್ಲ ಅಂತ ನೀನೇ ಹೇಳಿದ್ದೆ. ಚಳಿ ಬೀಳೋದು ಅದೇ ಹೊತ್ತಿಗೆ.

ಭಾವ: ದಾರಿಯಲ್ಲಿ ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್ ಹತ್ತಿರ ಗಾಳಿಯಂತ್ರಗಳು ಬರುತ್ತವಲ್ಲ, ಅಲ್ಲಿ ನಿಧಾನ. ಎತ್ತರದ ಗಾಡಿ ಅಡ್ಡಗಾಳಿಗೆ ಓಲಾಡುತ್ತದೆ. ಪೆಟ್ರೋಲ್ ಮಾತ್ರ ಕೊಲೊರಾಡೊ ನದಿ ದಾಟಿದ ಮೇಲೆ ಹಾಕಿಸು, ಅರಿಜೋನಾದಲ್ಲಿ ಕಡಿಮೆ.

ಚಿಕ್ಕಪ್ಪ: ಗಾಡಿ ಓಡುವಾಗ ಅತ್ತಿಗೆ ಹಾಸಿಗೆ ಮೇಲೆ ಮಲಗಿರಬಹುದಲ್ವಾ?

ನಾನು: ಇಲ್ಲ ಚಿಕ್ಕಪ್ಪ. ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡೇ ಕೂರಬೇಕು. ಏಳಬೇಕು ಅಂದರೆ ಗಾಡಿ ನಿಲ್ಲಿಸುತ್ತೇನೆ.

ಚಿಕ್ಕಪ್ಪ: ಫೋಟೊದ ಮೂಲೆಯಲ್ಲಿ ಕಲ್ಲಿನ ಗೋಪುರ, ಅದರ ತುದಿಗೆ ಒಂಟೆ. ಅದೇನು?

ನಾನು: ಹಾಜಿ ಅಲಿ ಸಮಾಧಿ. 1850ರ ದಶಕದಲ್ಲಿ ಅಮೆರಿಕದ ಸೈನ್ಯ ಮರುಭೂಮಿಯಲ್ಲಿ ಸಾಮಾನು ಸಾಗಿಸಲು ಒಂಟೆಗಳನ್ನು ತರಿಸಿತ್ತು. ಅವುಗಳ ಜೊತೆ ಬಂದವನು. ಇಲ್ಲಿಯವರ ಬಾಯಲ್ಲಿ ಹೈ ಜಾಲಿ ಆದ. 1902ರಲ್ಲಿ ತೀರಿಕೊಂಡ.

ಅಕ್ಕ: ಚಿಕ್ಕಪ್ಪ, ಒಂಟೆ ವಿಷಯ ಆಮೇಲೆ. ಮೊದಲು ಅಮ್ಮನ ವಿಷಯ ತೀರ್ಮಾನ ಆಗಲಿ.

ಅಮ್ಮ: ಎಲ್ಲರೂ ನನ್ನ ಬಗ್ಗೆಯೇ ಮಾತಾಡುತ್ತಿದ್ದೀರಿ. ನನ್ನನ್ನು ಯಾರೂ ಕೇಳಲಿಲ್ಲ. ಗ್ರ್ಯಾಂಡ್ ಕ್ಯಾನಿಯನ್‌ಗೆ ಕಾರಿನಲ್ಲಿ ಹೋದಾಗ ಮಧ್ಯಾಹ್ನದವರೆಗೆ ನಾನು ಒಂದು ಗುಟುಕು ನೀರು ಕುಡಿದಿರಲಿಲ್ಲ. ಮುಂದಿನ ಬಾತ್‌ರೂಮ್ ಎಷ್ಟು ದೂರವೋ ಅನ್ನೋ ಭಯ. ಸಿಕ್ಕರೂ ಈ ಮಂಡಿ ಇಟ್ಟುಕೊಂಡು ಪಾರ್ಕಿಂಗ್‌ನಿಂದ ಅಲ್ಲಿಯವರೆಗೆ ನಡೆಯಬೇಕು. ಯಾರಿಗೂ ಹೇಳಲಿಲ್ಲ. ಮೋಟರ್‌ಹೋಮ್‌ನಲ್ಲಿ ಚಳಿಗೆ ನಡುಗಿದ್ದು ಒಂದು ರಾತ್ರಿ, ನಿಜ. ಆದರೆ ಆ ಮೂರು ದಿನ ಬೇಕಾದಾಗ ನೀರು ಕುಡಿದೆ. ಹಾಸಿಗೆಯಿಂದ ನಾಲ್ಕು ಹೆಜ್ಜೆ, ಅಡುಗೆ ಕಟ್ಟೆ ಹಿಡಿದುಕೊಂಡು ಹೋದರೆ ಬಾತ್‌ರೂಮ್. ಬೆಳಿಗ್ಗೆ ಫಿಲ್ಟರ್‌ಗೆ ಪುಡಿ ಹಾಕಿ ನನ್ನ ಕಾಫಿ ನಾನೇ ಮಾಡಿಕೊಂಡೆ. ಯಾರನ್ನೂ ಎಬ್ಬಿಸಲಿಲ್ಲ.

ಅಕ್ಕ: ಅಮ್ಮಾ, ನೀರು ಕುಡಿಯದೆ ಕೂತಿದ್ದೆಯಾ? ನನಗಾದರೂ ಹೇಳಬಾರದಿತ್ತಾ?

ಅಮ್ಮ: ಈಗ ಹೇಳಿದೆನಲ್ಲಮ್ಮ.

ಅಕ್ಕ: ಸರಿ, ಹೋಗು. ಆದರೆ ಕರೆಂಟ್, ನೀರು ಕೊಡುವ ಆರ್‌ವಿ ಪಾರ್ಕ್‌ನಲ್ಲೇ ಇರಬೇಕು.

ನಾನು: ಜನವರಿಯಲ್ಲಿ ಅವೂ ತುಂಬಿಹೋಗುತ್ತವೆ. ಇವತ್ತೇ ಫೋನ್ ಮಾಡುತ್ತೇನೆ. ಒಂದು ರಾತ್ರಿ ಮಾತ್ರ ಲಾ ಪೋಸಾದಲ್ಲಿ ಇರೋಣ ಅಕ್ಕ. ಆ ಬೆಂಕಿ ಮುಂದೆ ಅಮ್ಮ ಕೂರಬೇಕು ಅಂತ ನನಗೆ ತುಂಬಾ ಆಸೆ.

ಅಮ್ಮ: ನನಗೂ.

ಅಕ್ಕ: ಹಾಗಾದರೆ ಒಂದು ಕೆಲಸ ಮಾಡು. ಗಾಡಿ ತೆಗೆದುಕೊಳ್ಳುವಾಗ ಅವರ ಎದುರಿಗೇ ಕರೆಂಟ್ ಪ್ಲಗ್ ತೆಗೆಸು, ಎಂಜಿನ್ ಆಫ್ ಇರಲಿ. ಬರೀ ಬ್ಯಾಟರಿಯಲ್ಲಿ ಒಂದು ಗಂಟೆ ಹೀಟರ್ ಓಡಿಸು. ಶುರುವಿನಲ್ಲಿ ಒಂದು, ಕೊನೆಯಲ್ಲಿ ಒಂದು, ಬ್ಯಾಟರಿ ಮೀಟರ್ ಫೋಟೊ ಇಲ್ಲಿ ಹಾಕು. ನಾನು ಎದ್ದಿರುತ್ತೇನೆ.