ಮಳೆ ದತ್ತಾಂಶಕ್ಕೆ ಡ್ಯಾಶ್‌ಬೋರ್ಡ್: ಎಲ್ಲಿಂದ ಆರಂಭಿಸಲಿ?

ಪ್ರಶ್ನೆ (ಕೋಲಾರ)
ನಮಸ್ಕಾರ. ನಾನು ಭೂಗೋಳಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ಭಾರತೀಯ ಹವಾಮಾನ ಇಲಾಖೆಯು 1901ರಿಂದ ಒದಗಿಸುತ್ತಿರುವ 0.25 ಡಿಗ್ರಿ ಅಂತರದ ಚೌಕಗಳ ದೈನಂದಿನ ಮಳೆ ದತ್ತಾಂಶದಲ್ಲಿ 30 ವರ್ಷಗಳ ನೆಟ್‌ಸಿಡಿಎಫ್ (ಸ್ಥಳ, ದಿನಾಂಕಗಳ ಜೊತೆ ಮೌಲ್ಯಗಳನ್ನು ಇಡುವ ಕಡತ ರೂಪ) ಕಡತಗಳನ್ನು ಇಳಿಸಿಕೊಂಡಿದ್ದೇನೆ. ಅವನ್ನು ಎಕ್ಸೆಲ್‌ಗೆ ತರಲು ಆಗಲಿಲ್ಲ. ನನಗೆ ಬೇಕಾದ ಡ್ಯಾಶ್‌ಬೋರ್ಡ್ ಪುಟದಲ್ಲಿ ಸ್ಲೈಡರ್ ಎಳೆದಂತೆ ನಕ್ಷೆಯಲ್ಲಿ ದಿನ ಬದಲಾಗಬೇಕು, ಒಂದು ಚೌಕವನ್ನು ಒತ್ತಿದರೆ ಅಲ್ಲಿನ ಮಳೆಯ ಏರಿಳಿತದ ಗೆರೆ ಕಾಣಬೇಕು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯನ್ನು ಅಲ್ಪಸ್ವಲ್ಪ ಬಲ್ಲೆ.

ಉತ್ತರ 1 (ತುಮಕೂರು)
ಎಕ್ಸೆಲ್‌ನ ಒಂದು ಹಾಳೆ ಹಿಡಿಯುವುದು 10,48,576 ಸಾಲುಗಳನ್ನು ಮಾತ್ರ. ನಿಮ್ಮ ಕಡತದಲ್ಲಿ 135 × 129 ಚೌಕಗಳಿರುವುದರಿಂದ ಒಂದೇ ವರ್ಷಕ್ಕೆ 63 ಲಕ್ಷಕ್ಕೂ ಹೆಚ್ಚು ಮೌಲ್ಯಗಳಾಗುತ್ತವೆ. ಇಂಥ ದತ್ತಾಂಶವನ್ನು ಸಾಲುಗಳಾಗಿ ಬಿಡಿಸದೆ, ಅಕ್ಷಾಂಶ, ರೇಖಾಂಶ, ದಿನಾಂಕ ಎಂಬ ಆಯಾಮಗಳ ಹೆಸರಿನಿಂದಲೇ ಹುಡುಕಲು ಬಿಡುವ ಎಕ್ಸ್‌ಅರೇ ಎಂಬ ಪೈಥಾನ್ ಗ್ರಂಥಾಲಯದಿಂದ (ಸಿದ್ಧ ಸಂಕೇತಗಳ ಸಂಗ್ರಹ) ಆರಂಭಿಸಿ. ಮೊದಲ ಕೆಲಸವಾಗಿ ಕೋಲಾರದ ಸುತ್ತಲಿನ, 12.5ರಿಂದ 13.75 ಉತ್ತರ ಅಕ್ಷಾಂಶ, 77.5ರಿಂದ 78.75 ಪೂರ್ವ ರೇಖಾಂಶದ ಭಾಗವನ್ನಷ್ಟೇ ಕತ್ತರಿಸಿಕೊಳ್ಳಿ. 36 ಚೌಕಗಳು ಉಳಿಯುತ್ತವೆ; 30 ವರ್ಷ ಸೇರಿದರೂ ಮೌಲ್ಯಗಳು 4 ಲಕ್ಷ ದಾಟುವುದಿಲ್ಲ, ಹಳೆಯ ಲ್ಯಾಪ್‌ಟಾಪ್ ಸಾಕು. ಬಳಿಕ ನಕ್ಷೆ ಬಿಡಿಸುವ ಎಚ್‌ವಿಪ್ಲಾಟ್ ಗ್ರಂಥಾಲಯಕ್ಕೆ ಅಡ್ಡಕ್ಕೆ ರೇಖಾಂಶ, ಉದ್ದಕ್ಕೆ ಅಕ್ಷಾಂಶ ಎಂದು ಹೇಳಿದರೆ, ಉಳಿದ ದಿನಾಂಕಕ್ಕೆ ಸ್ಲೈಡರನ್ನು ಅದೇ ಜೋಡಿಸುತ್ತದೆ. ಚೌಕ ಒತ್ತಿದಾಗ ಗೆರೆ ಮೂಡಿಸಲು ಎಚ್‌ವಿಪ್ಲಾಟ್‌ಗೆ ಆಧಾರವಾದ ಹೋಲೋವ್ಯೂಸ್ ಗ್ರಂಥಾಲಯದ ಟ್ಯಾಪ್ ಸೌಲಭ್ಯವಿದೆ. ಅದನ್ನು ಎರಡನೆಯ ವಾರಕ್ಕೆ ಇಟ್ಟುಕೊಳ್ಳಿ.

ಉತ್ತರ 2 (ಚಿಕ್ಕಬಳ್ಳಾಪುರ)
ಮೇಲಿನ ಸಲಹೆ ಸರಿಯಾಗಿದೆ. ಆದರೆ ಬಣ್ಣದ ವಿಷಯದಲ್ಲಿ ದಯವಿಟ್ಟು ಎಚ್ಚರವಹಿಸಿ, ಏಕೆಂದರೆ ನಾನು ಇದರಿಂದಲೇ ಒಂದು ತಿಂಗಳು ತಪ್ಪು ನಕ್ಷೆ ನೋಡಿದ್ದೆ. ಬಣ್ಣದ ಮಿತಿಯನ್ನು ನಾವೇ ನಿಗದಿಪಡಿಸದಿದ್ದರೆ, ಸ್ಲೈಡರ್ ಸರಿದಾಗಲೆಲ್ಲ ಆ ದಿನದ ಗರಿಷ್ಠ ಮಳೆಗೆ ತಕ್ಕಂತೆ ಬಣ್ಣಗಳು ಹೊಸದಾಗಿ ಹಂಚಿಕೆಯಾಗುತ್ತವೆ, 5 ಮಿ.ಮೀ. ಬಿದ್ದ ದಿನದ ಕಡುನೀಲಿಯೂ 100 ಮಿ.ಮೀ. ಬಿದ್ದ ದಿನದ ಕಡುನೀಲಿಯೂ ಒಂದೇ ಆಗಿ ಕಾಣುತ್ತವೆ. ಸೊನ್ನೆಯಿಂದ 100 ಎಂದು ಮಿತಿ ಕಟ್ಟಿ. ಮಾಹಿತಿ ಇಲ್ಲದ ಚೌಕಗಳಲ್ಲಿ -999 ಎಂಬ ಸಂಖ್ಯೆ ಹಾಗೆಯೇ ಉಳಿದಿದೆಯೇ ಎಂದೂ ಪರೀಕ್ಷಿಸಿ, ಉಳಿದಿದ್ದರೆ ಸರಾಸರಿ ಪೂರ್ತಿ ಕೆಡುತ್ತದೆ.

ಇನ್ನೊಂದು ಮಾತು: ಒಂದು ಚೌಕದ ಬದಿ ಸುಮಾರು 27 ಕಿ.ಮೀ. ಹೀಗಾಗಿ ಮಾಲೂರಿನ ಒಂದು ಕೆರೆಯ ಮೇಲೆ ಎಷ್ಟು ಮಳೆ ಬಿತ್ತೆಂದು ಈ ನಕ್ಷೆಯಿಂದ ಹೇಳಲಾಗದು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಕತ್ತರಿಸಿದ ಭಾಗ ತೆರೆದುಕೊಂಡಿತು, ಬಣ್ಣದ ಮಿತಿಯನ್ನೂ ಕಟ್ಟಿದೆ. ನಮ್ಮ ಕೆರೆಗಳು ಕೋಡಿ ಹರಿದ 2021ರ ನವೆಂಬರಿಗೆ ಸ್ಲೈಡರ್ ಎಳೆದಾಗ ಜಿಲ್ಲೆಯ ಚೌಕಗಳು ಒಂದೊಂದಾಗಿ ಕಡುನೀಲಿಗೆ ತಿರುಗಿದವು. ಆದರೆ ಪುಟವನ್ನು ಎಚ್‌ಟಿಎಂಎಲ್ ಕಡತವಾಗಿ ಉಳಿಸಿ ಸಹಪಾಠಿಗೆ ಕಳಿಸಿದರೆ ಸ್ಲೈಡರ್ ಅಲುಗಾಡಿದರೂ ನಕ್ಷೆ ಬದಲಾಗುತ್ತಿಲ್ಲ.

ಉತ್ತರ 1 (ತುಮಕೂರು)
ಸ್ಲೈಡರಿನ ಹಿಂದೆ ಪೈಥಾನ್ ಓಡುತ್ತಿರಬೇಕು, ಉಳಿಸಿದ ಕಡತದಲ್ಲಿ ಅದು ಇರುವುದಿಲ್ಲ. ವಿಭಾಗದ ಒಂದು ಗಣಕಯಂತ್ರದಲ್ಲಿ ಪುಟಗಳನ್ನು ಜಾಲದಲ್ಲಿ ಒದಗಿಸುವ ಪ್ಯಾನೆಲ್ ಗ್ರಂಥಾಲಯದ ‘ಪ್ಯಾನೆಲ್ ಸರ್ವ್’ ಆದೇಶದಿಂದ ಪುಟವನ್ನು ನಡೆಸಿ, ವಿಳಾಸವನ್ನು ಮಾತ್ರ ಹಂಚಿಕೊಳ್ಳಿ.