ಪದ ಬೇಕು: ಸೈಟೇಶನ್, ಎಚ್-ಇಂಡೆಕ್ಸ್, ಇನ್‌ಫ್ಲುಯೆನ್ಸ್ (ನಾಳೆ ಬೆಳಗ್ಗೆ ಅಚ್ಚಿಗೆ)

ತುಮಕೂರಿನಿಂದ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಜಪಾನಿನ ಜೀವಕೋಶ ವಿಜ್ಞಾನಿ ಯೋಶಿನೋರಿ ಓಸುಮಿ ಬಗ್ಗೆ ಒಂದು ಫಲಕ ಕನ್ನಡಕ್ಕೆ ತರುತ್ತಿದ್ದೇನೆ. ಫ್ಲೆಕ್ಸ್ ಅಂಗಡಿಯವರು ನಾಳೆ ಹನ್ನೊಂದಕ್ಕೆ ಫೈಲ್ ಕೇಳಿದ್ದಾರೆ.

ಕತೆ ಸಲೀಸಾಗಿ ಬಂತು. ಯೀಸ್ಟನ್ನು ಉಪವಾಸ ಕೆಡವಿದ್ದು, ಕೆಲವೇ ಗಂಟೆಗಳಲ್ಲಿ ಅದರ ರಸದಾನಿಯಲ್ಲಿ (ವ್ಯಾಕ್ಯೂಲ್, ಜೀವಕೋಶದೊಳಗಿನ ಚೀಲ) ಗುಳ್ಳೆಗಳು ತುಂಬಿಕೊಂಡಿದ್ದು (1992ರ ಪ್ರಬಂಧ), ಮರುವರ್ಷ ಜೀವಕೋಶ ತನ್ನ ಭಾಗಗಳನ್ನು ತಾನೇ ತಿನ್ನುವ ಈ ಕೆಲಸಕ್ಕೆ (ಆಟೋಫಜಿ) ಬೇಕಾದ 15 ಜೀನ್‌ಗಳ ಜಾಡು ಹಿಡಿದಿದ್ದು, 2016ರ ನೊಬೆಲ್. ಸಿಕ್ಕಿಕೊಂಡಿದ್ದು ಕೊನೆಯ ಪ್ಯಾರಾದಲ್ಲಿ. ಅಲ್ಲಿ ಸೈಟೇಶನ್ (ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಪ್ರಬಂಧದಲ್ಲಿ ಹೆಸರಿಸುವುದು), ಅದನ್ನು ಎಣಿಸಿ ಹಾಕುವ ಎಚ್-ಇಂಡೆಕ್ಸ್, ಇನ್‌ಫ್ಲುಯೆನ್ಸ್, ಈ ಮೂರಕ್ಕೆ ಕನ್ನಡ ಪದ ಬೇಕು. ಈಗ ಹೀಗಿದೆ: "ಇವರು ಅತ್ಯಂತ ಪ್ರಭಾವಿ ಕೋಶ ತಜ್ಞರು. ಇವರ 1993ರ ಪ್ರಬಂಧ ಸಾವಿರಕ್ಕೂ ಹೆಚ್ಚು ಬಾರಿ ಉಲ್ಲೇಖಗೊಂಡಿದೆ." ನನ್ನ ತಂಗಿ ಓದಿ, "ಡಿಕ್ಷನರಿ ಬರೆದವರಾ?" ಅಂದಳು.

ಧಾರವಾಡದಿಂದ:
ತಂಗಿ ಹೇಳಿದ್ದು ಖರೆ ಅದ. ಜೀವಕೋಶ ಅನ್ನಿ, ಮುಗೀತು. "ಪ್ರಭಾವಿ" ಮಾತ್ರ ಬ್ಯಾಡ್ರಿ. ನಮ್ಮಲ್ಲಿ ಪ್ರಭಾವಿ ಅಂದರೆ ಟ್ರಾನ್ಸ್‌ಫರ್ ಮಾಡಿಸಿಕೊಡುವವರು. ಪ್ರಭಾವ ಬಳಸಿ ಸೀಟು ಗಿಟ್ಟಿಸಿದ ಅಂತೀವಲ್ಲ, ಅದೇ ಪ್ರಭಾವ.

ಶಿವಮೊಗ್ಗದಿಂದ:
ಉಲ್ಲೇಖ ಸಂಸ್ಕೃತ. ಉತ್ ಸೇರಿಸಿ ಲೇಖ, ಮೂಲದಲ್ಲಿ ಗೀರುವುದು, ಕೆರೆಯುವುದು ಅನ್ನುವ ಅರ್ಥ. ಕನ್ನಡದಲ್ಲಿ "ಹೆಸರಿಸು" ಇರುವಾಗ "ಹೆಸರಿಕೆ" ಯಾಕಾಗಬಾರದು? ಆಟೋಫಜಿಗೆ ಸ್ವಭಕ್ಷಣೆ ಅಂತ ಹಾಕಿರುತ್ತೀರಿ, ಗೊತ್ತು. "ತನ್ನುಣಿಕೆ" ಮಾಡಿ. 1963ರಲ್ಲಿ ಕ್ರಿಶ್ಚಿಯನ್ ಡಿ ಡೂವ್ ಅನ್ನುವ ವಿಜ್ಞಾನಿ ಗ್ರೀಕಿನ ಎರಡು ತುಂಡು ಅಂಟಿಸಿ ಆಟೋಫಜಿ ಅನ್ನುವ ಪದ ಕಟ್ಟಿದರು. ನಾವು ಕನ್ನಡದ ಎರಡು ತುಂಡು ಅಂಟಿಸಿದರೆ ಮಾತ್ರ ನಗು ಬರುತ್ತದೆ. ಯೀಸ್ಟ್ ಅನ್ನುವ ಪದ ಕೂಡ ಯಾಕೆ ಬೇಕಿತ್ತೋ.

ಮೈಸೂರಿನಿಂದ:
ಯೀಸ್ಟ್‌ಗೆ ಪದ ಇತ್ತು ಸ್ವಾಮಿ, ಬೇರೆಯವರಿಗೆ ಕೊಟ್ಟುಬಿಟ್ಟೆವು. ಸಂಸ್ಕೃತದಲ್ಲಿ ಕಿಣ್ವ ಅಂದರೆ ಹೆಂಡ ಹುದುಗಿಸುವ ಮದ್ದು. ಅರ್ಥಶಾಸ್ತ್ರದಲ್ಲೇ ಬರುತ್ತದೆ. ಪಠ್ಯಪುಸ್ತಕದವರು ಅದನ್ನು ಎಂಜೈಮ್‌ಗೆ ಹಚ್ಚಿದರು. ಸುಮ್ನೆ ಹಚ್ಚಿದ್ದಲ್ಲ. 1877ರಲ್ಲಿ ಜರ್ಮನಿಯ ವಿಜ್ಞಾನಿ ಕ್ಯೂನೆ ಎಂಜೈಮ್ ಅನ್ನುವ ಪದ ಕಟ್ಟಿದ್ದೇ "ಹುದುಗಿನ ಒಳಗೆ" ಅನ್ನುವ ಗ್ರೀಕ್ ಮಾತಿನಿಂದ. ಓಸುಮಿ ಆರಿಸಿಕೊಂಡ ಯೀಸ್ಟಿನ ರಸದಾನಿಯಲ್ಲಿ ಪ್ರೋಟೀನು ಕರಗಿಸುವ ಕಿಣ್ವಗಳು ಇರಲಿಲ್ಲ. ಅದಕ್ಕೇ ಗುಳ್ಳೆಗಳು ಕರಗದೆ ಕಣ್ಣಿಗೆ ಬಿದ್ದವು. ಹಳೆಯ ಅರ್ಥ ಹಿಡಿದರೆ, ಕಿಣ್ವದಲ್ಲಿ ಕಿಣ್ವ ಇರಲಿಲ್ಲ! (ಇದನ್ನು ಫಲಕಕ್ಕೆ ಹಾಕಬೇಡಿ.)

ಅಂದಹಾಗೆ, ಶಿವಮೊಗ್ಗದವರು ರಸದಾನಿ ಬಗ್ಗೆ ಯಾಕೆ ಸುಮ್ಮನಿದ್ದಾರೆ? ರಸ ಸಂಸ್ಕೃತ, ದಾನಿ ಪಾರ್ಸಿ. ಪೀಕದಾನಿ, ಹೂದಾನಿಯ ದಾನಿ.

ಶಿವಮೊಗ್ಗದಿಂದ:
ಹೂದಾನಿ ಮಾತಿನಲ್ಲಿ ಬೆರೆತಿದೆ. ಅದು ಬೇರೆ.

ಮೈಸೂರಿನಿಂದ:
ಉಲ್ಲೇಖ ಬೆರೆತಿಲ್ವಾ? ಯಾವುದಾದರೂ ಸರ್ಕಾರಿ ಪತ್ರ ತೆಗೆದು ನೋಡಿ. "ವಿಷಯ"ದ ಕೆಳಗೇ "ಉಲ್ಲೇಖ".

ಬೆಂಗಳೂರಿನಿಂದ:
ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು. ಕನ್ನಡದಲ್ಲೇ ಬೈದಾಡುವಾಗಲೂ ನಮ್ಮ ಬಾಯಲ್ಲಿ ಬರುವುದು "ನಮ್ಮ ಪೇಪರ್ ಸೈಟ್ ಮಾಡಿಲ್ಲ ನೋಡು" ಅಂತ. ಆದರೆ ಫಲಕಕ್ಕೆ ಉಲ್ಲೇಖ ಸಾಕು. "ಉಲ್ಲೇಖಗೊಂಡಿದೆ" ಬೇಡ, ಉಲ್ಲೇಖಿಸಿದವರು ಯಾರು ಅಂತ ಹೇಳಿ.

ಎಚ್-ಇಂಡೆಕ್ಸ್ 2005ರಲ್ಲಿ ಹಿರ್ಶ್ ಅನ್ನುವ ಭೌತವಿಜ್ಞಾನಿ ಹೇಳಿದ ಲೆಕ್ಕ. ನಿಮ್ಮ 40 ಪ್ರಬಂಧಗಳಿಗೆ ತಲಾ 40 ಉಲ್ಲೇಖವಾದರೂ ಇದ್ದು, 41ಕ್ಕೆ ಆ ಮಾತು ನಿಲ್ಲದಿದ್ದರೆ ನಿಮ್ಮದು 40. ಪಿಯುಸಿ ಮಕ್ಕಳಿಗೆ ಇದು ಯಾಕೆ? ತೆಗೆದುಬಿಡಿ. ಎಣಿಕೆಯನ್ನೇ ಪ್ರಭಾವ ಅಂತಲೂ ಬರೆಯಬೇಡಿ. ಪ್ರೋಟೀನು ಅಳೆಯುವ ವಿಧಾನದ ಮೇಲೆ ಲೌರಿ ತಂಡ 1951ರಲ್ಲಿ ಬರೆದ ಪ್ರಬಂಧಕ್ಕೆ 2014ರ ಹೊತ್ತಿಗೆ ಮೂರು ಲಕ್ಷಕ್ಕಿಂತ ಜಾಸ್ತಿ ಉಲ್ಲೇಖ. ಅದು ಅಡುಗೆಮನೆಯ ಪಾವು ಇದ್ದ ಹಾಗೆ, ಅಳೆಯುವವರೆಲ್ಲ ಹೆಸರು ಹೇಳುತ್ತಾರೆ. ಓಸುಮಿಯದು ಹಾಗಲ್ಲ. ಆ ಜೀನ್‌ಗಳ ಹಿಂದೆ ಹಲವು ಲ್ಯಾಬುಗಳು ಬಿದ್ದು, ಒಂದೇ ಜೀನಿಗೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದರು. ಕೊನೆಗೆ 2003ರಲ್ಲಿ ಎಲ್ಲರೂ ಎಟಿಜಿ (ಆಟೋಫಜಿ ರಿಲೇಟೆಡ್) ಅನ್ನುವ ಒಂದೇ ಹೆಸರಿಗೆ ಒಪ್ಪಿಕೊಂಡರು. ನಮ್ಮ ಈ ಗುಂಪಿನಲ್ಲಿ ಅದು ಆಗುವ ಮಾತಲ್ಲ, ಬಿಡಿ.

ಶಿವಮೊಗ್ಗದಿಂದ:
ಎಚ್ ಅಲ್ಲ, ಹೆಚ್.

ಮೈಸೂರಿನಿಂದ:
ಎಚ್.

ತುಮಕೂರಿನಿಂದ:
ಫೈಲ್ ಹೋಯಿತು. ಕೊನೆಗೆ ಹೀಗೆ ಮಾಡಿದೆ: "ಜೀವಕೋಶ ತನ್ನ ಭಾಗಗಳನ್ನು ತಾನೇ ತಿಂದು ಬದುಕುವ ಬಗೆಯನ್ನು ಅರಿಯಲು ಇವರು ದಾರಿ ತೋರಿಸಿದರು. ಇವರ 1993ರ ಪ್ರಬಂಧವನ್ನು ಬೇರೆ ವಿಜ್ಞಾನಿಗಳು ಸಾವಿರಕ್ಕೂ ಹೆಚ್ಚು ಸಲ ಉಲ್ಲೇಖಿಸಿದ್ದಾರೆ." ಎಚ್ಚೂ ಇಲ್ಲ, ಹೆಚ್ಚೂ ಇಲ್ಲ. ತನ್ನುಣಿಕೆಯನ್ನು ಕಂಸದಲ್ಲಿ ಇಟ್ಟಿದ್ದೇನೆ, ಶಿವಮೊಗ್ಗದ ಸರ್ ಬೇಜಾರು ಮಾಡಿಕೊಳ್ಳಬಾರದು.

ಪ್ರೂಫ್ ನೋಡಿದರೆ ಅಂಗಡಿಯ ಹುಡುಗ ರಸದಾನಿಯನ್ನು "ರಸಧಾನಿ" ಮಾಡಿಟ್ಟಿದ್ದ. ಕೇಳಿದ್ದಕ್ಕೆ, "ರಾಜಧಾನಿ ಥರ ಅಲ್ವಾ ಮೇಡಂ?" ಅಂದ.